ಎಡಗಡೆಯ ರನ್‌ವೇ

ಫೆಬ್ರವರಿ 3, ಮಂಗಳವಾರ

ಇವತ್ತೂ ಅದೇ ರಾಮಾಯಣ. ಪಾಲಂ ಏರ್‌ಪೋರ್ಟಿನಲ್ಲಿ ಕಂಪನಿ ಸಾಹೇಬರನ್ನು ಇಳಿಸಿದ್ದು, ಖಾಲಿ ವಿಮಾನ ಎತ್ತಿಕೊಂಡು ಸ್ಟ್ರಿಪ್‌ಗೆ ಹೋದದ್ದು. ಗ್ರೇಟರ್ ನೋಯ್ಡಾ ದಾಟಿ ಹೊಲಗಳ ನಡುವೆ ಕಂಪನಿ ಒಂದು ರನ್‌ವೇ ಹಾಕಿಸಿಕೊಂಡಿದೆ. ಒಂದು ಶೆಡ್ಡು, ಒಂದು ಜನರೇಟರ್. ವಿಮಾನ ರಾತ್ರಿ ಮಲಗುವುದು ಅಲ್ಲಿ. ನಾನು ಮಲಗಬೇಕಾದದ್ದು ದೆಹಲಿಯ ಆ ತುದಿಯಲ್ಲಿ, ಜನಕಪುರಿಯ ಮನೆಯಲ್ಲಿ. ಹಾರುವುದು ಕಾಲು ಗಂಟೆ, ಆಮೇಲೆ ಟ್ರಾಫಿಕ್‌ನಲ್ಲಿ ಕೊಳೆಯುವುದು ಎರಡು ಗಂಟೆಗೂ ಮೇಲೆ. ಯಾವ ಪುಣ್ಯಾತ್ಮನ ತಲೆಯಲ್ಲಿ ಹೊಳೆದದ್ದೋ!

ಅಲ್ಲಿ ಇಳಿಯಲು ಕಣ್ಣೇ ಗತಿ. ದೊಡ್ಡ ಏರ್‌ಪೋರ್ಟಿನ ಹಾಗೆ ಕೈಹಿಡಿದು ಕೆಳಗೆ ಕರೆತರುವ ಯಂತ್ರ ಇಲ್ಲ. ನಮ್ಮ ಮುದಿ ವಿಮಾನದ ಜಿಪಿಎಸ್ ಹತ್ತಿರ ಬಂದ ಕೂಡಲೇ ಮುನಿಸಿಕೊಳ್ಳುತ್ತದೆ. ಎಕ್ಸ್‌ಪ್ರೆಸ್‌ವೇ ದೀಪಗಳು ಮುಗಿದ ಮೇಲೆ ಕೆಳಗೆ ಪೂರಾ ಕತ್ತಲು. ಆ ಕತ್ತಲಲ್ಲಿ ನಮ್ಮ ಎರಡು ಸಾಲು ದೀಪ. ಪಕ್ಕದಲ್ಲಿ ಇನ್ನೊಂದು ನಾಲ್ಕು — ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೇವೆ, ದೇವರೇ ಕಾಪಾಡಬೇಕು. "ರನ್‌ವೇ ಇನ್ ಸೈಟ್?" ಅಂತ ಒಬ್ಬರು ಕೇಳಬೇಕು, "ಇನ್ ಸೈಟ್" ಅಂತ ಇನ್ನೊಬ್ಬರು ಹೇಳಬೇಕು. ಇಬ್ಬರಿಗೂ ಕಾಣದೆ ಇಳಿಯುವ ಹಾಗಿಲ್ಲ. ಶ್ರೀಲಕ್ಷ್ಮಿ ಕೋ-ಪೈಲಟ್ ಆಗಿ ಬಂದ ದಿನವೇ ಇದನ್ನು ಅರೆದು ಕುಡಿಸಿದ್ದೇನೆ.

ಒಂದು ವಿಚಿತ್ರ. ಎಂದಿನಂತೆ ರೇಡಿಯೋದಲ್ಲಿ ಮಹಂತೇಶನನ್ನು ಕರೆದೆ. ಅಲ್ಲಿನ ಇಂಜಿನಿಯರ್, ವಾಚ್‌ಮನ್, ಅಡುಗೆಭಟ್ಟ ಎಲ್ಲ ಅವನೇ. "ದೀಪ ಹಾಕಪ್ಪ" ಅನ್ನುವಷ್ಟರಲ್ಲಿ ಮುಂದೆ ರನ್‌ವೇ ಉರಿಯುತ್ತಿತ್ತು. ಭೇಷ್, ಇವತ್ತು ಹುಡುಗ ಚುರುಕಾಗಿದ್ದಾನೆ ಅಂದುಕೊಂಡೆ.

"ಇನ್ನೂ ಹಚ್ಚಿಲ್ರೀ ಸರ" ಅಂದ ಮಹಂತೇಶ. "ಈಗ ಜನರೇಟರ್ ಕಡೆ ಹೊಂಟೀನಿ."

ಸ್ವಲ್ಪ ಹೊತ್ತಿಗೆ ಅದರ ಬಲಗಡೆ ಇನ್ನೊಂದು ರನ್‌ವೇ ಹೊತ್ತಿಕೊಂಡಿತು. ನಮ್ಮದು. ಅದರಲ್ಲಿ ಇಳಿದೆ. ತಿರುಗಿ ನೋಡಿದರೆ ಎಡಗಡೆ ಏನೂ ಇಲ್ಲ.

ಹೊಸ ಲೇಔಟಿನ ಬೀದಿದೀಪ ಇರಬೇಕು. ಅಲ್ಲೆಲ್ಲ ದಿನಕ್ಕೊಂದು ಲೇಔಟ್ ಏಳುತ್ತಿದೆ.

ಫೆಬ್ರವರಿ 6

ಬೀದಿದೀಪ ಅಲ್ಲ.

ಇವತ್ತು ಸರಿಯಾಗಿ ನೋಡಿದೆ. ಎಡಗಡೆ, ನಮ್ಮದಕ್ಕಿಂತ ಸ್ವಲ್ಪ ಈಚೆಗೆ. ಎರಡು ಸಾಲು. ಪಕ್ಕದಲ್ಲಿ ನಾಲ್ಕು — ಎರಡು ಬಿಳಿ, ಎರಡು ಕೆಂಪು. ಅಲುಗಾಡದೆ, ಅಚ್ಚುಕಟ್ಟಾಗಿ. ನಮ್ಮದರಲ್ಲಿ ಒಂದು ಬಲ್ಬು ಮಂಕು, ಇನ್ನೊಂದು ಮಿಟುಕಿಸುತ್ತದೆ, ಮಹಂತೇಶನಿಗೆ ಹೇಳಿ ಹೇಳಿ ಸಾಕಾಗಿದೆ. ಅದರಲ್ಲಿ ಒಂದೂ ಕೆಟ್ಟಿಲ್ಲ. ಇಳಿಯೋದಾದರೆ ಇಲ್ಲಿಳಿ ಅನ್ನುವ ಹಾಗಿದೆ. ನಿಜ ಹೇಳಬೇಕೆಂದರೆ ಕೈ ತಾನಾಗಿ ಎಡಕ್ಕೆ ಹೋಯಿತು. ಎಳೆದು ತಂದೆ.

ಶ್ರೀಲಕ್ಷ್ಮಿ "ಇನ್ ಸೈಟ್" ಅಂದಳು, ಎಂದಿನ ದನಿಯಲ್ಲೇ. ಅವಳಿಗೇನೂ ಕಂಡಂತಿಲ್ಲ.

ನನಗೆ ಮಾತ್ರ.

ಮಾರ್ಚ್ ಇಪ್ಪತ್ನಾಲ್ಕಕ್ಕೆ ಮೆಡಿಕಲ್ ಇದೆ. ಇಲ್ಲದ ದೀಪ ಕಾಣುತ್ತದೆ ಅಂತ ಬಾಯಿಬಿಟ್ಟರೆ ಅಂದೇ ಲೈಸೆನ್ಸ್ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ. ಐವತ್ನಾಲ್ಕು ವರ್ಷ ನನಗೆ. ಹಾರುವುದು ಬಿಟ್ಟು ಬೇರೇನೂ ಬರುವುದಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿದರೆ ಇಳಿಸಬೇಕು ಅಂತಲೂ ಗೊತ್ತಿಲ್ಲ.

ಮನೆಯಲ್ಲಿ ಸರಳಾ ಕೈಗೆ ಸಿಗಬಾರದೆಂದು ಈ ಡೈರಿಯನ್ನು ಇನ್ನು ಮೇಲೆ ಫ್ಲೈಟ್ ಬ್ಯಾಗಿನಲ್ಲೇ ಇಡುತ್ತೇನೆ.

ಫೆಬ್ರವರಿ 11

ಮನೆ ಹತ್ತಿರದ ಕಣ್ಣಿನ ಡಾಕ್ಟರ್ ಬಳಿ ಕದ್ದು ಹೋದೆ. ಕಂಪನಿಗೆ ಗೊತ್ತಿಲ್ಲ. ದೇವರೇ, ಒಂದು ಸಣ್ಣ ಪೊರೆ ಇರಲಿ, ಆಪರೇಷನ್ ಮಾಡಿಸಿಕೊಂಡು ಬಿಡುತ್ತೇನೆ ಅಂತ ಬೇಡಿಕೊಂಡು ಕೂತಿದ್ದೆ. ಪೊರೆ ಬರಲಿ ಅಂತ ಹರಕೆ ಹೊತ್ತವನು ಇಡೀ ದೆಹಲಿಯಲ್ಲಿ ನಾನೊಬ್ಬನೇ ಇರಬೇಕು.

"ಕ್ಯಾಪ್ಟನ್ ಸಾಬ್, ಐಸೀ ಆಂಖೇಂ ತೋ ಲಡ್ಕೋಂ ಕೀ ಭೀ ನಹೀಂ ಹೋತೀಂ" ಅಂದ. ಹುಡುಗರಿಗೂ ಇಂಥ ಕಣ್ಣಿಲ್ಲವಂತೆ. ಖುಷಿಯಾಗಿ ಕೈ ಬೇರೆ ಕುಲುಕಿದ.

ಕಣ್ಣು ಸರಿ ಇದೆ. ಹಾಗಾದರೆ ಕೆಟ್ಟಿರುವುದು ಅದರ ಹಿಂದಿನದು.

ಫೆಬ್ರವರಿ 15, ಭಾನುವಾರ, ಶಿವರಾತ್ರಿ

ರಜಾ. ಸಾಸಿವೆ ಹೂವು ನೋಡಿಕೊಂಡು ಬರೋಣ ಅಂತ ಸರಳಾಳನ್ನೂ ಹರಿಣಿಯನ್ನೂ ಕಾರಿಗೆ ಹತ್ತಿಸಿದೆ. ಸರಳಾ ಅನುಮಾನದಿಂದ ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹೂವಿನ ಸುದ್ದಿ ಎತ್ತಿದ್ದೇ ಇಲ್ಲ.

ಸ್ಟ್ರಿಪ್‌ನಿಂದ ಎಡಕ್ಕೆ, ಕಾಲುವೆ ದಾಟಿ, ಮಣ್ಣು ರಸ್ತೆ. ಲೆಕ್ಕ ಹಾಕಿ ಹುಡುಕಿದೆ. ಸಾಸಿವೆ ಹೊಲ. ಕಂಬ ಇಲ್ಲ, ವೈರ್ ಇಲ್ಲ, ಒಂದು ಹೊಸ ಮನೆಯೂ ಇಲ್ಲ. ಕಣ್ಣು ಹಾಯುವಷ್ಟು ದೂರ ಹಳದಿ. ಹರಿಣಿ "ಪಪ್ಪಾ, ಸೋ ಪ್ರೆಟಿ ಯಾರ್! ಅಮ್ಮಾ, ನೀನು ಇಧರ್ ನಿಂತ್ಕೋ" ಅಂತ ಫೋಟೋ ಹೊಡೆಯತೊಡಗಿದಳು. ನಾನು ಬದುವಿನ ಮೇಲೆ ನಡೆದು ಒಳಗೆ ಹೋದೆ.

ಒಬ್ಬಳು ಹೆಂಗಸು ಹುಲ್ಲು ಕೊಯ್ಯುತ್ತಿದ್ದಳು. ರಾತ್ರಿ ಇಲ್ಲೇನಾದರೂ ದೀಪ ಹಾಕುತ್ತಾರಾ ಅಂತ ಕೇಳಿದೆ. ತಲೆ ಎತ್ತದೆ, "ದೀಪ ಗೊತ್ತಿಲ್ಲ ಸಾಬ್, ಜಹಾಜ್ ಉತರ್ತಾ ಹೈ" ಅಂದಳು. ವಿಮಾನ ಇಳಿಯುತ್ತೆ.

ಅದು ಆಚೆ ಇಳಿಯೋದು, ನಮ್ಮದು, ಅಂದೆ.

"ಅದು ಬೇರೆ. ಇದು ಇಲ್ಲಿ." ಕುಡುಗೋಲಿನಿಂದ ನನ್ನ ಕಾಲ ಬುಡ ತೋರಿಸಿದಳು. ದಿನಾ ಸಂಜೆ ಬರುತ್ತದಂತೆ. ನಿನ್ನೆಯೂ ಬಂತಂತೆ. ಇಬ್ಬರು ಇಳಿಯುತ್ತಾರಂತೆ — ಒಬ್ಬ ಗಂಡಸು, ಒಂದು ಹುಡುಗಿ.

ಇಳಿದು?

"ಫಿರ್ ಪತಾ ನಹೀಂ." ಆಮೇಲಿನದು ಗೊತ್ತಿಲ್ಲ ಅಂತ ಹೊರೆ ಎತ್ತಿಕೊಂಡು ಹೊರಟೇಬಿಟ್ಟಳು.

ನಿನ್ನೆ ನಾವು ಹಾರಿರಲೇ ಇಲ್ಲ.

ತಲೆಕೆಟ್ಟವಳು ಅಂದುಕೊಂಡೆ. ವಾಪಸ್ ಬರುವಾಗ ಸರಳಾ ಏನೇನೋ ಕೇಳಿದಳು, ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಫೆಬ್ರವರಿ 20

ಮನೆಗೆ ಬಂದವನೇ ಬರೆಯಲು ಕೂತಿದ್ದೇನೆ.

ಇವತ್ತು ಎಕ್ಸ್‌ಪ್ರೆಸ್‌ವೇ ದಾಟಿದೆವು. ಮಹಂತೇಶ ದೀಪ ಹಾಕಿದ್ದ. ಎರಡೂ ಉರಿಯುತ್ತಿದ್ದವು. ನಾನು ಎಂದಿನ ಹಾಗೆ ಕೇಳಿದೆ: "ರನ್‌ವೇ ಇನ್ ಸೈಟ್?"

ಶ್ರೀಲಕ್ಷ್ಮಿ ಗಾಜಿನತ್ತ ಬಾಗಿ ನೋಡಿದಳು. ಆಮೇಲೆ ಮೆಲ್ಲಗೆ — "ಯಾವುದು ಸರ್?"

ಫೆಬ್ರವರಿ 21, ಬೆಳಿಗ್ಗೆ

ನಿನ್ನೆ ಇಳಿದ ಮೇಲೆ ಶ್ರೀಲಕ್ಷ್ಮಿಯನ್ನು ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ ಕೇಳಿದೆ. ಎಷ್ಟು ದಿನದಿಂದ?

"ಬಂದಾಗಿನಿಂದ ಸರ್. ಶುರೂ ಸೇ." ಕಣ್ಣಲ್ಲಿ ನೀರು. "ನೀವು ಏನೂ ಅನ್ತಿರಲಿಲ್ಲ. ನನಗೊಬ್ಬಳಿಗೇ ಪ್ರಾಬ್ಲಮ್ ಅಂತ ಸುಮ್ಮನಿದ್ದೆ. ನೀವು ಬಲಕ್ಕೆ ತಿರುಗಿಸೋವರೆಗೂ ನನಗೆ ಗೊತ್ತೇ ಆಗ್ತಿರಲಿಲ್ಲ ಯಾವುದು ಅಂತ."

ಅಂದರೆ ಇಷ್ಟು ದಿನ ಅವಳು ನನ್ನ ಮುಖ ನೋಡಿ "ಇನ್ ಸೈಟ್" ಅಂದಿದ್ದಾಳೆ. ನಾನು ಅವಳ ದನಿ ಕೇಳಿ ಧೈರ್ಯ ತಂದುಕೊಂಡಿದ್ದೇನೆ. ಒಳ್ಳೆ ಜೋಡಿ!

ಮೊದಲು ಏನನ್ನಿಸಿತು ಅಂತ ಬರೆಯಲು ನಾಚಿಕೆ. ಖುಷಿಯಾಯಿತು. ನನಗೆ ಹುಚ್ಚಿಲ್ಲ, ಇಬ್ಬರಿಗೂ ಕಾಣುತ್ತದೆ! ಎದೆ ಹಗುರಾಯಿತು. ಕಾರು ಹತ್ತಿದ ಮೇಲೆ ತಲೆ ಓಡಿತು. ಇಬ್ಬರಿಗೂ ಕಾಣುತ್ತದೆ ಅಂದರೆ ಅದು ಅಲ್ಲಿದೆ.

ರಿಪೋರ್ಟ್ ಮಾಡೋಣವಾ ಅಂದಿದ್ದೆ. ಕೈ ಮುಗಿದುಬಿಟ್ಟಳು. "ಬೇಡ ಸರ್, ಪ್ಲೀಸ್. ಮುಂದಿನ ತಿಂಗಳು ನನ್ನ ಕ್ಯಾಪ್ಟನ್ ಟೆಸ್ಟ್. ಪಪ್ಪ ಇಡೀ ಸರೋಜಿನಿ ನಗರಕ್ಕೆ ಹೇಳಿಕೊಂಡು ಬಂದಿದ್ದಾರೆ. ಹುಡುಗಿಗೆ ಭೂತ ಕಾಣುತ್ತೆ ಅಂತ ಒಂದು ಸಲ ಹೆಸರು ಬಂದ್ರೆ ಮುಗೀತು, ಯಾರೂ ಹತ್ತಿರ ಸೇರಿಸಲ್ಲ."

ಅವಳ ಟೆಸ್ಟು, ನನ್ನ ಮೆಡಿಕಲ್ಲು. ಎರಡೂ ಮುಗಿಯಲಿ, ಆಮೇಲೆ ಇಬ್ಬರೂ ಸೇರಿ ಹೇಳೋಣ ಅಂತ ಮಾತಾಯಿತು. ಅಲ್ಲಿಯವರೆಗೆ ಒಂದು ನಿಯಮ: ಎರಡು ಕಂಡರೆ ಬಲಗಡೆಯದು. ಯಾವಾಗಲೂ ಬಲಗಡೆಯದು.

ಫೆಬ್ರವರಿ 27

ಅಭ್ಯಾಸ ಅನ್ನುವುದು ಎಂಥ ಕೆಟ್ಟದ್ದು. ಈಗ ಕಾಮಿಡಿ ಮಾಡಿಕೊಳ್ಳುತ್ತೇವೆ.

"ಇನ್ ಸೈಟ್?"

"ಎರಡು ಸರ್. ಬಲದ್ದು."

"ಬಲದ್ದು."

"ಎಡದ್ದಕ್ಕೆ ನಮಸ್ಕಾರ ಹೇಳಿ ಸರ್, ಬೇಜಾರು ಮಾಡಿಕೊಳ್ಳುತ್ತೆ" ಅಂತಾಳೆ. ನಕ್ಕೆ. ಇಳಿದ ಮೇಲೆ ಸರಳಾ ಕಟ್ಟಿಕೊಟ್ಟ ಅಕ್ಕಿರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು. ಏನ್ರೀ ಅಷ್ಟು ನಗು, ಅಂತ ಮಹಂತೇಶ ಕೇಳಿದ. ಅವನಿಗೆ ಹೇಳಿಲ್ಲ. ಅವನು ಅಲ್ಲಿ ಒಬ್ಬನೇ ಮಲಗಬೇಕು ಪಾಪ.

ಮಾರ್ಚ್ 9

ಹೋಳಿ ಹಬ್ಬಕ್ಕೆ ನಾಲ್ಕು ದಿನ ವಿಮಾನ ನಿಂತಿತ್ತು. ಇವತ್ತು ಮತ್ತೆ.

ಶ್ರೀಲಕ್ಷ್ಮಿಯೇ ಮೊದಲು ನೋಡಿದ್ದು. "ಸರ್, ಹತ್ತಿರ ಬಂದಿದೆ."

ನಿಜ. ಮೊದಲು ನಡುವೆ ಕಾಲುವೆಯಾಚೆಯ ಹೊಲವೆಲ್ಲ ಇತ್ತು. ಈಗ ಅರ್ಧವೂ ಇಲ್ಲ. ಎಡದ್ದು ಬಲಕ್ಕೆ ಸರಿದಿದೆ.

ಯಾರೂ ಕಾಮಿಡಿ ಮಾಡಲಿಲ್ಲ.

ಮಾರ್ಚ್ 12

ಇನ್ನೂ ಹತ್ತಿರ. ಇವತ್ತು ಯಾವುದು ಬಲ, ಯಾವುದು ಎಡ ಅಂತ ಎರಡೆರಡು ಸಲ ನೋಡಬೇಕಾಯಿತು.

ಮನೆಗೆ ಬಂದು ಸೇಫ್ಟಿ ಆಫೀಸರ್‌ಗೆ ಮೆಸೇಜ್ ಟೈಪ್ ಮಾಡಿದೆ. ಮೂರು ಸಾಲು. ಓದಿದೆ. ಅಳಿಸಿದೆ. ಓದಿದವನು ಮೊದಲು ಕೇಳುವುದೇ, ಕುಡಿದಿದ್ದೀರಾ ಅಂತ.

ಸರಳಾ ಬಾಗಿಲಲ್ಲಿ ನಿಂತಿದ್ದಳು. "ಏನ್ರೀ ಆಗಿದೆ ನಿಮಗೆ? ಊಟ ಸೇರಲ್ಲ, ನಿದ್ದೆಯಲ್ಲಿ ಬಲ ಬಲ ಅಂತೀರಾ. ಯಾವಳ್ರೀ ಆ ಬಲ?"

ತಮಾಷೆಗೇ ಅಂದದ್ದು. ನಾನು ರೇಗಿದೆ. ಕೂಗಾಡಿಬಿಟ್ಟೆ. ಹರಿಣಿ ರೂಮಿನಿಂದ ಹೊರಗೆ ಬಂದು ನೋಡಿದಳು. ಸರಳಾ ಲೋಟ ತೊಳೆದಿಟ್ಟು, "ಹೇಳಿದ್ರೆ ಏನು ಗಂಟು ಹೋಗುತ್ತೆ ನಿಮ್ದು?" ಅಂತ ಒಳಗೆ ಹೋದಳು.

ಲೈಸೆನ್ಸ್ ಹೋಗುತ್ತೆ ಕಣೇ. ಹೇಳಬೇಕೆನಿಸಿತು. ಹೇಳಲಿಲ್ಲ.

ಮಾರ್ಚ್ 16

ಎರಡರ ನಡುವೆ ಈಗ ಒಂದು ಬದುವಿನಷ್ಟು ಕತ್ತಲು, ಅಷ್ಟೇ. ಶ್ರೀಲಕ್ಷ್ಮಿ ಅಂದಳು, ನಾಡಿದ್ದು ಸೇರಿಹೋಗಬಹುದು ಸರ್, ಆಗ ಒಂದೇ ಆಗುತ್ತಲ್ಲ, ಪ್ರಾಬ್ಲಮ್ಮೇ ಮುಗೀತು. ಹಾಗೇ ಆಗಲಿ ತಾಯಿ ಅಂದೆ.

ಮಾರ್ಚ್ 18, ಬುಧವಾರ, ಬೆಳಿಗ್ಗೆ

ನಾಳೆ ಯುಗಾದಿ. ಐಎನ್ಎ ಮಾರ್ಕೆಟ್ಟಿನಲ್ಲಿ ಮಾವಿನ ಎಲೆ ಸಿಕ್ಕಿದೆ. ಬೇವಿನ ಹೂವು ಪಕ್ಕದ ಪಾರ್ಕಿನ ಮರದಿಂದಲೇ. ಹೂರಣಕ್ಕೆ ಬೇಳೆ ಅಳೆಯುತ್ತ ಸರಳಾ, "ಅಮಾವಾಸ್ಯೆ ರೀ, ಇವತ್ತೊಂದು ದಿನ ರಜಾ ಹಾಕಬಾರದಾ?" ಅಂದಳು. ಅಮಾವಾಸ್ಯೆಗೆ ರಜಾ ಕೊಡುವ ಕಂಪನಿ ಇನ್ನೂ ಹುಟ್ಟಿಲ್ಲ ಅಂದೆ. ನಕ್ಕಳು. ಆವತ್ತಿನ ಜಗಳ ಅಲ್ಲಿಗೆ ಕರಗಿತು. ಸಮಾಧಾನವಾಯಿತು.

ಒಂದು ತೀರ್ಮಾನ ಮಾಡಿದ್ದೇನೆ. ಮೆಡಿಕಲ್‌ವರೆಗೆ ಕಾಯುವುದಿಲ್ಲ. ಹಬ್ಬ ಮುಗಿದ ಮಾರನೇ ದಿನ ಆಫೀಸಿಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ. ಶ್ರೀಲಕ್ಷ್ಮಿಯ ಹೆಸರು ಎತ್ತುವುದಿಲ್ಲ. ನನಗೊಬ್ಬನಿಗೇ ಕಾಣುತ್ತದೆ ಅನ್ನುತ್ತೇನೆ. ಹೋದರೆ ನನ್ನದು ಹೋಗಲಿ. ಕುಕ್ಕರ್ ಇಡುವುದು ಕಲಿತರಾಯಿತು.

ಶುಕ್ರವಾರ ಹೇಳುತ್ತೇನೆ. ಖಂಡಿತ.

ಅದೇ ದಿನ, ರಾತ್ರಿ, ಎಂಟರ ಹತ್ತಿರ

ವಿಮಾನದಲ್ಲೇ ಕೂತು ಬರೆಯುತ್ತಿದ್ದೇನೆ. ಟಾರ್ಚ್ ತೊಡೆಯ ಮೇಲಿಟ್ಟುಕೊಂಡು. ಕೈಗೆ ಏನಾದರೂ ಕೆಲಸ ಬೇಕು.

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಎಕ್ಸ್‌ಪ್ರೆಸ್‌ವೇ ದಾಟುವ ಮೊದಲು ಮಹಂತೇಶನನ್ನು ಕರೆದೆ. ಉತ್ತರ ಇಲ್ಲ. ಅವನ ರೇಡಿಯೋ ಬ್ಯಾಟರಿ ಯಾವಾಗಲೂ ಹಾಗೇ. ಮತ್ತೆ ಕರೆಯುವಷ್ಟರಲ್ಲಿ ಮುಂದೆ ದೀಪ ಹೊತ್ತಿಕೊಂಡಿತು. ಕೇಳಿಸಿಕೊಂಡಿದ್ದಾನೆ, ಹಾಕಿದ್ದಾನೆ ಅಂದುಕೊಂಡೆ.

"ಇನ್ ಸೈಟ್?"

"ಒಂದೇ ಸರ್!" ಶ್ರೀಲಕ್ಷ್ಮಿ ಸೀಟಿನಲ್ಲೇ ಚಪ್ಪಾಳೆ ತಟ್ಟಿದಳು. "ಒಂದೇ ಇದೆ! ಸೇರಿಹೋಯ್ತು, ಹೇಳಿರಲಿಲ್ವಾ ನಾನು?"

ಒಂದೇ ಇತ್ತು. ಹುಡುಕಿದೆ, ಬಲಕ್ಕೂ ಎಡಕ್ಕೂ. ಒಂದೇ. ಎರಡು ಬಿಳಿ, ಎರಡು ಕೆಂಪು. ಅಬ್ಬಾ! ಎಷ್ಟು ವಾರದ ಭಾರ ಇಳಿಯಿತು. ಯುಗಾದಿಗೆ ದೇವರೇ ಕಣ್ಣುಬಿಟ್ಟ ಅಂದುಕೊಂಡೆ. "ಇನ್ ಸೈಟ್" ಅಂತ ನಾನೂ ಅಂದೆ, ಜೋರಾಗಿ. ಶುಕ್ರವಾರ ಆಫೀಸಿಗೆ ಹೋಗುವ ಅಗತ್ಯವೇ ಇಲ್ಲ ಅನ್ನುವುದೂ ಆ ಕ್ಷಣದಲ್ಲೇ ತಲೆಗೆ ಬಂತು.

ಇಷ್ಟು ಚೆನ್ನಾಗಿ ನಾನು ಎಂದೂ ಇಳಿಸಿಲ್ಲ. ಚಕ್ರ ತಾಕಿದ್ದೇ ಗೊತ್ತಾಗಲಿಲ್ಲ.

ಓಡಿ ನಿಧಾನವಾಯಿತು. ಶೆಡ್ಡಿಗೆ ಬಲಕ್ಕೆ ತಿರುವು ಇರುತ್ತದೆ. ಇಲ್ಲ. ಮುಂದೆ ಹೋದೆ. ಇಲ್ಲ. ಶೆಡ್ಡೂ ಇಲ್ಲ. ದೀಪಗಳಲ್ಲಿ ಒಂದೂ ಮಂಕಾಗಿಲ್ಲ, ಒಂದೂ ಮಿಟುಕಿಸುತ್ತಿಲ್ಲ. ಆಗ ತಿಳಿಯಿತು. ಅವಳಿಗೂ ತಿಳಿಯಿತು, ಉಸಿರು ಎಳೆದುಕೊಂಡದ್ದು ಕೇಳಿಸಿತು. ತಿರುಗಿಸಿ ಮತ್ತೆ ಏರೋಣ ಅಂತ ಥ್ರಾಟಲ್ ತಳ್ಳಿದೆ. ಎರಡೂ ಇಂಜಿನ್ ತಾವಾಗೇ ನಿಂತವು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಇದೆ.

ಆಗ ರೇಡಿಯೋ ಮಾತಾಡಿತು. ಮಹಂತೇಶ. ಏದುಸಿರು.

"ದತ್ತಾತ್ರೇಯ ಸರ, ಕೇಳಸ್ತದೇನ್ರೀ? ಜನರೇಟರ್ ಕೆಟ್ಟದ. ದೀಪ ಹತ್ತವಲ್ವು. ಇಳೀಬ್ಯಾಡ್ರಿ ಸರ. ಮ್ಯಾಲೇ ಸುತ್ತಹಾಕ್ಕೋತ ಇರ್ರಿ. ಕೆಳಗ ಪೂರಾ ಕತ್ತಲ ಐತಿ."

ಉತ್ತರ ಕೊಟ್ಟೆ. ಅವನಿಗೆ ಕೇಳಿಸುತ್ತಿಲ್ಲ. ಈಗಲೂ ಕರೆಯುತ್ತಲೇ ಇದ್ದಾನೆ. ಇಳೀಬ್ಯಾಡ್ರಿ ಸರ, ಇಳೀಬ್ಯಾಡ್ರಿ.

ಫೋನಿನಲ್ಲಿ ಸಿಗ್ನಲ್ ಇಲ್ಲ. ಸರಳಾಳ ಒಂದು ಮೆಸೇಜ್ ಮಾತ್ರ, ಯಾವಾಗ ಬಂತೋ: "ಹೂರಣ ರುಬ್ಬಿ ಆಯ್ತು. ಬೇಗ ಬನ್ನಿ."

ಎರಡು ಕಂಡ ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಲೈಸೆನ್ಸ್ ಹೋಗುತ್ತಿತ್ತು. ಅಷ್ಟೇ ಹೋಗುತ್ತಿತ್ತು. ಈ ಹುಡುಗಿಯ ಅಪ್ಪನಿಗೆ ನಾನು ಏನಂತ ಹೇಳಲಿ? ಅವಳು ಬೇಡ ಅಂದಳು ಅಂತಲೇ? ಅವಳು ಚಿಕ್ಕವಳು. ನಾನು ಕ್ಯಾಪ್ಟನ್.

ಹೊರಗೆ ಗಾಳಿಯಿಲ್ಲ. ದೀಪದ ಬೆಳಕಿನಲ್ಲಿ ಸಾಸಿವೆ ನಿಂತಿದೆ, ಎರಡೂ ಕಡೆ, ಅಲುಗದೆ. ಕೊಯ್ಲು ಆಗಿರಬೇಕಿತ್ತು ಇಷ್ಟೊತ್ತಿಗೆ. ಇನ್ನೂ ಹೂವಿದೆ.

ಇಬ್ಬರು ಇಳಿಯುತ್ತಾರೆ ಅಂದಿದ್ದಳು ಆ ಹೆಂಗಸು. ಒಬ್ಬ ಗಂಡಸು, ಒಂದು ಹುಡುಗಿ. ಸರಿ, ನಾವು ಇಳಿಯದಿದ್ದರಾಯಿತು. ಬೆಳಗಾಗುವವರೆಗೆ ಇಲ್ಲೇ ಕೂತಿರೋಣ, ಏನೇ ಆದರೂ ಬಾಗಿಲು ಮಾತ್ರ ತೆಗೆಯಬೇಡ ಅಂತ ಶ್ರೀಲಕ್ಷ್ಮಿಗೆ ಹೇಳಿದ್ದೇನೆ. ಹೂಂ ಅಂದಿದ್ದಾಳೆ. ರೊಟ್ಟಿ ಡಬ್ಬಿ ಇದೆ. ನೀರಿದೆ. ಒಂದು ರಾತ್ರಿ ತಾನೇ.

ಹಿಂದೆ ಬಾಗಿಲ ಚಿಲಕದ ಸದ್ದು. "ಬೇಡಮ್ಮ, ಹೇಳಿದೆನಲ್ಲ, ಬಂದು ಕೂತ್ಕೋ" ಅಂದೆ, ಬರೆಯುತ್ತಲೇ.

"ನಾನು ಇಲ್ಲೇ ಇದ್ದೀನಲ್ಲ ಸರ್" ಅಂದಳು. ಪಕ್ಕದ ಸೀಟಿನಿಂದ.

ಚಿಲಕ ಇನ್ನೂ ತಿರುಗುತ್ತಿದೆ. ಶ್ರೀಲಕ್ಷ್ಮಿ ನನ್ನ ತೋಳು ಹಿಡಿದಿದ್ದಾಳೆ. ತಿರುಗಿ ನೋಡ್ತೀನಿ ಅಂತಿದ್ದಾಳೆ, ಬೇಡ ಅಂದೆ, ನಾನೇ